ಮೂಡಲಪಾಳ್ಯದಿಂದ ಎಂಟನೇ ಮೈಲಿಗೆ

ಬೆಂಗಳೂರು ನೋಡಲು ಬಂದ ನೆಂಟರನ್ನು ಯಾರೂ ಮೂಡಲಪಾಳ್ಯಕ್ಕೆ ಕರೆದೊಯ್ಯುವುದಿಲ್ಲ. ಸರ್ಕಲ್ಲಿನ ಸುತ್ತ ಬೇಕರಿ, ದರ್ಶಿನಿ, ಮೊಬೈಲ್ ರಿಪೇರಿ ಅಂಗಡಿ, ಸಂಜೆಯಾದರೆ ತಳ್ಳುಗಾಡಿಯ ಗೋಬಿ. ಒಳಗಿನ ಕ್ರಾಸುಗಳಲ್ಲಿ ಟ್ವೆಂಟಿ-ತರ್ಟಿ ಸೈಟಿನ ಮೇಲೆ ಮೂರು ನಾಲ್ಕು ಅಂತಸ್ತು ಏರಿದ ಮನೆಗಳು. ಕೆಳಗೆ ಹೊಲಿಗೆ ಯಂತ್ರದ ಸದ್ದು, ಮೇಲೆ ಬಾಡಿಗೆ ಹುಡುಗರು. ಒಂದು ಕಡೆ ಮಾಗಡಿ ರಸ್ತೆ, ಇನ್ನೊಂದು ಕಡೆ ಚಂದ್ರಾ ಲೇಔಟು, ಮತ್ತೊಂದು ಕಡೆ ನಾಗರಭಾವಿ. ಇಲ್ಲಿಂದ ಹೊರಟು, ನಾಗರಭಾವಿ ದಾಟಿ, ಜ್ಞಾನಭಾರತಿಯ ಒಳಗೆ ಹಾದು ಮೈಸೂರು ರಸ್ತೆಯ ಎಂಟನೇ ಮೈಲಿ ಮುಟ್ಟಿದರೆ ಅರ್ಧ ದಿನದ ನಡಿಗೆ, ಅದೂ ನಿಂತು ನಿಂತು ಹೋದರೆ. ಅಷ್ಟರೊಳಗೆ ಕರ್ನಾಟಕವನ್ನು, ಸ್ವಲ್ಪಮಟ್ಟಿಗೆ ದೇಶವನ್ನೂ, ಎಣಿಸಿದವರ ಅರ್ಧ ಶತಮಾನದ ಕೆಲಸ ದಾರಿಯುದ್ದಕ್ಕೂ ಹರಡಿಕೊಂಡಿದೆ. ಒಂದು ಶನಿವಾರ ಅದನ್ನೇ ನೋಡಿಕೊಂಡು ಬರೋಣವೆಂದು ಹೊರಟೆ.

ನನಗೆ ಇದರಲ್ಲಿ ಏನು ಆಸಕ್ತಿ ಎಂದರೆ, ಹೊಟ್ಟೆಪಾಡು. ಹಳ್ಳಿ ಸಮೀಕ್ಷೆಗಳ ಅಂಕಿಅಂಶ ಇಟ್ಟುಕೊಂಡು ಆರ್ಥಿಕ ಸಂಶೋಧನೆ ಮಾಡುವವರ ಜೊತೆ ಕೆಲಸ ಮಾಡುತ್ತೇನೆ. ಆ ಅಂಕಿಅಂಶ ಕೂರುವ ಡೇಟಾಬೇಸುಗಳನ್ನು ಬರೆಯುತ್ತೇನೆ. ವಾರಕ್ಕೆ ಕೆಲವು ಸಂಜೆ ಕಾಲೇಜೊಂದರಲ್ಲಿ ರಾಜಕೀಯ ಅರ್ಥಶಾಸ್ತ್ರ ಪಾಠ ಹೇಳುತ್ತೇನೆ. ಮನೆ ಬಾಡಿಗೆಗೆ ಕೇಳಲು ಹೋದಾಗ ಇದನ್ನು ವಿವರಿಸುವುದು ಸುಲಭವಲ್ಲ. "ಸಾಫ್ಟ್‌ವೇರಾ?" ಅಂದರೆ ಪೂರ್ತಿ ಹೌದಲ್ಲ. "ಲೆಕ್ಚರರ್ರಾ?" ಅಂದರೂ ಪೂರ್ತಿ ಅಲ್ಲ. ಎರಡೂ ಅಂದರೆ ಅಡ್ವಾನ್ಸು ಜಾಸ್ತಿ ಮಾಡುತ್ತಾರೆ. ಮೂರು ದೋಣಿಯಲ್ಲಿ ಕಾಲಿಟ್ಟವನು ಎಂದು ಗೆಳೆಯರು ಆಡಿಕೊಳ್ಳುವುದುಂಟು. ನನಗೆ ಹಾಗನ್ನಿಸಿಲ್ಲ. ಒಂದು ಟೇಬಲ್ಲಿಗೆ ಯಾವ ಕಾಲಂ ಇರಬೇಕು, ಯಾವುದು ಬೇಡ, ಆ ಕಾಲಂನಲ್ಲಿ ಯಾರ ಹೆಸರು ಬರೆಯಬೇಕು ಎಂದು ತೀರ್ಮಾನಿಸುವುದೇ ಮೂರೂ ಕಡೆಯ ಕೆಲಸ. ಸಂಶೋಧಕ ಆ ಪ್ರಶ್ನೆಯನ್ನು ಊರಲ್ಲಿ ಎದುರಿಸುತ್ತಾನೆ, ಪ್ರೋಗ್ರಾಮರ್ ಕೀಬೋರ್ಡಿನ ಮುಂದೆ, ಮೇಷ್ಟ್ರು ಬೋರ್ಡಿನ ಮುಂದೆ.

ಮನೆಯಿಂದ ಹೊರಬಿದ್ದಾಗ ಪಕ್ಕದ ಮನೆಯ ಬಾಗಿಲ ಮೇಲೆ ಸ್ಟಿಕ್ಕರು ಕಂಡಿತು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಕರೆಂಟ್ ಮೀಟರ್ ಓದುವವರು ಅಂಟಿಸಿ ಹೋದದ್ದು. ಮಳೆಗೆ ಅಂಚು ಸುರುಟಿದೆ, ನಂಬರು ಇನ್ನೂ ಓದಲು ಬರುತ್ತದೆ. ಉಪಾಯವೇನೋ ಜಾಣತನದ್ದು. ಈ ಬಡಾವಣೆಗಳಲ್ಲಿ ಮನೆ ನಂಬರಿಗೆ ಹಳೆಯದು, ಹೊಸದು ಎಂದು ಎರಡು; ಕ್ರಾಸಿನ ಹೆಸರು ಬೋರ್ಡಿನಲ್ಲೊಂದು, ಜನರ ಬಾಯಲ್ಲೊಂದು. ಕರೆಂಟ್ ಮೀಟರು ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೆ ಕುಟುಂಬವನ್ನು ಗಂಟು ಹಾಕಿದರೆ ಒಬ್ಬರನ್ನೇ ಎರಡು ಸಲ ಎಣಿಸುವ, ಇನ್ನೊಬ್ಬರನ್ನು ಬಿಟ್ಟೇಬಿಡುವ ಭಯ ಕಡಿಮೆ. ಡೇಟಾಬೇಸ್ ಕೆಲಸದವರು ಇಂಥದ್ದನ್ನು ಪ್ರೈಮರಿ ಕೀ ಅನ್ನುತ್ತಾರೆ. ಆದರೆ ನಮ್ಮ ಬೀದಿಯ ಕೊನೆಯಲ್ಲಿ ಕಟ್ಟಡವೊಂದು ಏಳುತ್ತಿದೆ. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಾರೆ ಕೆಲಸದವರ ಮೂರು ಸಂಸಾರ. ಶೆಡ್ಡಿಗೆ ಮೀಟರಿಲ್ಲ, ಬಲ್ಬಿಗೆ ವೈರು ಕಟ್ಟಡದ್ದೇ. ಸ್ಟಿಕ್ಕರೂ ಇಲ್ಲ. ಅವರನ್ನು ಆಮೇಲೆ ಯಾರಾದರೂ ಬಂದು ಬರೆದುಕೊಂಡಿದ್ದರೂ ಇದ್ದೀತು. ಆದರೆ ಲೆಕ್ಕದ ಗೂಟ ಎಲ್ಲಿ ನೆಟ್ಟೆವೋ ಅಲ್ಲಿಂದ ದೂರವಿದ್ದವರು ಮೊದಲ ಸುತ್ತಿಗೇ ಹೊರಗುಳಿಯುತ್ತಾರೆ.

ಕೆಲವೊಮ್ಮೆ ಗೂಟವೇ ಸರಿಯುತ್ತದೆ. ಮೂಡಲಪಾಳ್ಯವನ್ನೇ ತೆಗೆದುಕೊಳ್ಳಿ. ಬಿಬಿಎಂಪಿಗೆ 198 ವಾರ್ಡುಗಳಿದ್ದ ಕಾಲದಲ್ಲಿ ಇದು 127ನೇ ವಾರ್ಡು. 2011ರ ಜನಗಣತಿಯ ಲೆಕ್ಕ ಸಿಗುವುದು ಆ ಗಡಿಯ ಪ್ರಕಾರ. ಆಮೇಲೆ ವಾರ್ಡುಗಳನ್ನು 243 ಮಾಡಿದರು, 225 ಮಾಡಿದರು, 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ತಂದು ಮತ್ತೆ ಗೆರೆ ಎಳೆದರು. ಪ್ರತಿ ಸಲವೂ ಗೆರೆ ಒಂದೆರಡು ಬೀದಿ ಆಚೀಚೆ ಸರಿಯುತ್ತದೆ. 2021ರ ಜನಗಣತಿ ನಡೆಯಲೇ ಇಲ್ಲ. ಹಾಗಾಗಿ "ಮೂಡಲಪಾಳ್ಯದಲ್ಲಿ ಎಷ್ಟು ಜನಕ್ಕೆ ಒಂದು ಅಂಗನವಾಡಿ?" ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ, ಯಾವ ವರ್ಷದ ಮೂಡಲಪಾಳ್ಯ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ. ಸಾಲದ್ದಕ್ಕೆ ಇಂಗ್ಲಿಷ್ ಫೈಲುಗಳಲ್ಲಿ ಊರಿನ ಮೊದಲ ಅಕ್ಷರಕ್ಕೇ ಬೇರೆ ಬೇರೆ ಕಾಗುಣಿತ; ಕಂಪ್ಯೂಟರಿನ ಲೆಕ್ಕದಲ್ಲಿ ಅಷ್ಟೂ ಬೇರೆ ಬೇರೆ ಊರು. ಕನ್ನಡದಲ್ಲೇ ಬರೆದ ಹಳೆಯ ಫೈಲಾದರೆ ಇನ್ನೊಂದು ಪಜೀತಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಹೆಸರುಗಳು ಇವತ್ತು ತೆರೆದರೆ ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಅದನ್ನು ತಿರುಗಿಸಲು ಪ್ರೋಗ್ರಾಂ ಬರೆಯುವಾಗ ಅರ್ಕಾವತ್ತು ಕಾಟ ಕೊಡುವಷ್ಟು ಯಾವ ವ್ಯಾಕರಣ ಪಾಠದಲ್ಲೂ ಕೊಟ್ಟಿರಲಿಲ್ಲ. ನುಡಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು. ತಿರುಗಿಸುವುದು ತಪ್ಪಿದರೆ ಶರ್ಮ, ವರ್ಮ, ಧರ್ಮ ಎಲ್ಲರೂ ಪಟ್ಟಿಯಿಂದ ಮಾಯ.

ಸರ್ಕಲ್ ದಾಟಿ ನಾಗರಭಾವಿಯ ಕಡೆ ಇಳಿದರೆ ಮರಗಳು ಶುರು. ಇಲ್ಲಿನ ರಸ್ತೆಗೆ ಡಾ. ವಿ.ಕೆ.ಆರ್.ವಿ. ರಾವ್ ಅವರ ಹೆಸರು. ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಎಲ್ಲರ ಬಾಯಲ್ಲಿ ಐಸೆಕ್, ಇಲ್ಲಿದೆ. ಗೇಟಿನ ಹೊರಗೆ ಬಿಎಂಟಿಸಿ ಬಸ್ಸಿನ ಗಲಾಟೆ, ಒಳಗೆ ಹಕ್ಕಿಯ ಗಲಾಟೆ. ರಾವ್ ಹುಟ್ಟಿದ್ದು 1908ರಲ್ಲಿ ಕಾಂಚೀಪುರದಲ್ಲಿ. ಕೇಂಬ್ರಿಜ್‌ನಲ್ಲಿ ಕೇನ್ಸ್ ಕಾಲದ ವಿದ್ಯಾರ್ಥಿ. ಬ್ರಿಟಿಷ್ ಇಂಡಿಯಾದ 1931-32ರ ರಾಷ್ಟ್ರೀಯ ಆದಾಯ ಲೆಕ್ಕ ಹಾಕಿದವರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದರು, ಇನ್ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಕಟ್ಟಿದರು, ಬಳ್ಳಾರಿಯಿಂದ ಲೋಕಸಭೆಗೆ ಹೋಗಿ ಕೇಂದ್ರದ ಶಿಕ್ಷಣ ಮಂತ್ರಿಯೂ ಆದರು, ಅರವತ್ತು ದಾಟಿದ ಮೇಲೆ ಬೆಂಗಳೂರಿನ ಹೊರವಲಯಕ್ಕೆ ಬಂದು ಮೂರನೆಯದನ್ನು ಕಟ್ಟಿದರು. ಈ ಸಾಧನೆಗಳ ಪಟ್ಟಿಗಿಂತ ನನಗೆ ಹೆಚ್ಚು ಹಿಡಿಸುವುದು ಅವರ ಆ ಹಳೆಯ ಲೆಕ್ಕದ ಕಸುಬು. ಬೇಸಾಯದಂಥ ಕಡೆ ಎಷ್ಟು ಬೆಳೆದರು ಎಂದು ಉತ್ಪನ್ನದಿಂದ ಹೊರಟರು. ವ್ಯಾಪಾರ, ಚಾಕರಿ, ಕಚೇರಿಯಂಥ ಕಡೆ ಎಷ್ಟು ಗಳಿಸಿದರು ಎಂದು ಆದಾಯದಿಂದ ಹೊರಟರು. ಎರಡನ್ನೂ ಹೊಲಿದು ಒಂದು ಮೊತ್ತ ಮಾಡಿದರು. ಒಂದೇ ಅಳತೆಗೋಲು ಎಲ್ಲಕ್ಕೂ ಒಗ್ಗದ ದೇಶದಲ್ಲಿ ಬೇರೆ ದಾರಿಯಿರಲಿಲ್ಲ. ಹೊಲಿಗೆ ಎಲ್ಲಿ ಹಾಕಿದೆ ಎಂದು ತೋರಿಸಿಯೇ ಹೊಲಿದದ್ದು ಅವರ ದೊಡ್ಡತನ. ಇವತ್ತು ಬಟನ್ ಒತ್ತಿದರೆ ಬರುವ ಜಿಡಿಪಿ ಗ್ರಾಫಿನಲ್ಲಿ ಹೊಲಿಗೆ ಕಾಣುವುದೇ ಇಲ್ಲ.

ರಾವ್ ಜೊತೆ ಇಲ್ಲಿಗೆ ಬಂದವರು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಕ್ಲಾಸಿನಲ್ಲಿ ಡೇಟಾಬೇಸಿನ ಮಾತು ಬಂದ ಮೊದಲ ದಿನವೇ ನಾನು ಅವರ ಕಥೆ ಹೇಳುವುದು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ, ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು, ಕೂತು ಬರೆದುಕೊಂಡ ಟಿಪ್ಪಣಿಗಳನ್ನು ವರ್ಷಗಟ್ಟಲೆ ವಿಂಗಡಿಸಿ, ಕಾರ್ಡುಗಳಾಗಿ ಜೋಡಿಸಿ, ಪುಸ್ತಕ ಬರೆಯಲು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಕೊಂಡೊಯ್ದಿದ್ದರು. 1970ರ ಏಪ್ರಿಲ್‌ನಲ್ಲಿ ಅಲ್ಲಿನ ಕಟ್ಟಡಕ್ಕೆ ಯಾರೋ ಬೆಂಕಿಯಿಟ್ಟರು. ವಿಂಗಡಿಸಿದ ಟಿಪ್ಪಣಿಯ ಮೂರು ಪ್ರತಿಗಳೂ ಒಂದೇ ಕಡೆ ಇದ್ದವು, ಮೂರೂ ಸುಟ್ಟವು. ಕೊನೆಗೆ ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದ ಪುಸ್ತಕವೇ ದಿ ರಿಮೆಂಬರ್ಡ್ ವಿಲೇಜ್. ವಿದ್ಯಾರ್ಥಿಗಳು ಇದರಿಂದ ಬ್ಯಾಕಪ್ ಬೇರೆ ಬೇರೆ ಕಟ್ಟಡದಲ್ಲಿಡಬೇಕು ಎಂದು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳಲಿ, ಅದೂ ಬೇಕು. ನನಗೆ ಕುತೂಹಲ ಬೇರೆ. ಕಾರ್ಡುಗಳು ಉಳಿದಿದ್ದರೆ ಬರುತ್ತಿದ್ದ ಪುಸ್ತಕದಲ್ಲಿ ಊರಗೌಡನ ಗತ್ತು, ಜಗಳಗಳ ರುಚಿ, ಹರಟೆಯ ಧಾಟಿ ಇಷ್ಟು ಇರುತ್ತಿತ್ತೇ? ಕಾರ್ಡಿನಲ್ಲಿ ಮಾಹಿತಿಗೆ ಜಾಗವಿತ್ತು, ಗತ್ತಿಗೆ ಕಾಲಂ ಇರಲಿಲ್ಲ. ಹಾಗೆಂದು ಬೆಂಕಿ ಬಿದ್ದದ್ದು ಒಳ್ಳೆಯದಾಯಿತು ಎನ್ನುವ ವಿಮರ್ಶಕರ ಮಾತು ನನಗೆ ಸೇರುವುದಿಲ್ಲ. ಇಪ್ಪತ್ತು ವರ್ಷದ ಡೇಟಾ ಕಳಕೊಂಡವನ ಹೊಟ್ಟೆಯ ಸಂಕಟ ಅಂಥವರಿಗೆ ಗೊತ್ತಿಲ್ಲ.

ಐಸೆಕ್ ಬಿಟ್ಟು ಮುಂದೆ ನಡೆದರೆ ನ್ಯಾಷನಲ್ ಲಾ ಸ್ಕೂಲು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ, ಅದರ ಅಂಚಿನಲ್ಲೇ 2017ರಲ್ಲಿ ಶುರುವಾದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್. ರೂಪಾಯಿಯ ಸಮಸ್ಯೆಯ ಬಗ್ಗೆ 1923ರಲ್ಲಿ ಲಂಡನ್ನಿನಲ್ಲಿ ಪುಸ್ತಕ ತಂದ ಅರ್ಥಶಾಸ್ತ್ರಜ್ಞ ಅಂಬೇಡ್ಕರರನ್ನು ನೆನೆಯಲು ಕರ್ನಾಟಕಕ್ಕೆ ಇಷ್ಟು ತಡವಾಯಿತು. ಇರಲಿ. ಈ ಕ್ಯಾಂಪಸ್ಸಿನಲ್ಲಿ ನನ್ನ ಮನಸ್ಸು ನಿಲ್ಲುವುದು ಇಲ್ಲಿ ಕುಲಪತಿಯಾಗಿದ್ದ ಡಿ.ಎಂ. ನಂಜುಂಡಪ್ಪನವರ ಹೆಸರಿನಲ್ಲಿ. ಪ್ರಾದೇಶಿಕ ಅಸಮಾನತೆ ಕುರಿತ ಉನ್ನತಾಧಿಕಾರ ಸಮಿತಿಯ ಅಧ್ಯಕ್ಷರಾಗಿ ಅವರು 2002ರಲ್ಲಿ ಕೊಟ್ಟ ವರದಿಯನ್ನು ನಮ್ಮಲ್ಲಿ ಬೈಯುವವರೂ ಹೊಗಳುವವರೂ ಬಹಳ. ತೆರೆದು ಟೇಬಲ್ ನೋಡಿದವರು ಕಡಿಮೆ. ಆಗಿದ್ದ 175 ತಾಲೂಕುಗಳನ್ನು 35 ಸೂಚಕಗಳಲ್ಲಿ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿನ 114ನ್ನು ಹಿಂದುಳಿದವು ಎಂದರು. ಅದರಲ್ಲೂ 39 ಅತ್ಯಂತ, 40 ಅತಿ, 35 ಬರೀ ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ಉಳಿದ ಹದಿಮೂರರಲ್ಲಿ ಮಾಗಡಿಯೂ ಇದೆ, ಕನಕಪುರವೂ ಇದೆ.

ಮಾಗಡಿ! ನಮ್ಮ ಮನೆಯಿಂದ ನಡೆದು ಹೋಗಿ ಮಾಗಡಿ ರಸ್ತೆಯಲ್ಲಿ ನಿಂತರೆ ಅಲ್ಲಿಗೆ ಬಸ್ಸು ಸಿಗುತ್ತದೆ. ಐವತ್ತು ಕಿಲೊಮೀಟರ್ ಆಸುಪಾಸು. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದ ಊರು, ಬೆಂಗಳೂರಿನ ಬಾಗಿಲಲ್ಲೇ, ರಾಜ್ಯದ ತಳಮಟ್ಟದ ಪಟ್ಟಿಯಲ್ಲಿ. ಹಿಂದುಳಿದಿರುವಿಕೆ ಎಂದರೆ ದೂರ, ದೂರ ಎಂದರೆ ಕಲಬುರಗಿ ಎಂಬ ನಮ್ಮ ಬೆಂಗಳೂರಿಗರ ಸರಳ ಸಮೀಕರಣವನ್ನು ಈ ಒಂದು ಸಾಲು ಒಡೆಯುತ್ತದೆ. ಹಾಗೆಯೇ, 39ರಲ್ಲಿ 26 ಎಂಬ ಇನ್ನೊಂದು ಸಾಲು ದಕ್ಷಿಣದವರ ಬಾಯಿ ಮುಚ್ಚಿಸುತ್ತದೆ. ಒಂದೇ ಟೇಬಲ್ಲಿನಲ್ಲಿ ಎರಡೂ ಇವೆ. ಜಿಲ್ಲೆಯ ಸರಾಸರಿ ತೆಗೆದುಕೊಂಡಿದ್ದರೆ ಮಾಗಡಿ ಕಾಣುತ್ತಲೇ ಇರಲಿಲ್ಲ. ತಾಲೂಕನ್ನೇ ಘಟಕವಾಗಿ ಆರಿಸಿಕೊಂಡದ್ದು ತಾಂತ್ರಿಕ ತೀರ್ಮಾನದಂತೆ ಕಂಡರೂ ಎಂಟು ವರ್ಷಕ್ಕೆ 31 ಸಾವಿರ ಕೋಟಿ ರೂಪಾಯಿ ಎಲ್ಲಿಗೆ ಹರಿಯಬೇಕೆಂಬ ಶಿಫಾರಸು ಅದರ ಮೇಲೆಯೇ ನಿಂತಿತು. ಈಗ ರಾಜ್ಯದಲ್ಲಿ ತಾಲೂಕುಗಳು 230 ದಾಟಿವೆ. ಹಳೆಯ ತಾಲೂಕು ಒಡೆದು ಎರಡಾದಾಗ ಹಿಂದುಳಿದ ಹಣೆಪಟ್ಟಿ ಯಾರ ಪಾಲಿಗೆ? ಹಾಗಾಗಿ 2024ರಲ್ಲಿ ಸರ್ಕಾರ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಮಾಡಿತು. ಗೋವಿಂದ ರಾವ್ ಕೂಡ ಒಂದು ಕಾಲಕ್ಕೆ ಐಸೆಕ್‌ನ ನಿರ್ದೇಶಕರೇ. ಕರ್ನಾಟಕದ ಎಷ್ಟೋ ಲೆಕ್ಕ ಕೊನೆಗೆ ಈ ಒಂದೇ ರಸ್ತೆಗೆ ಬಂದು ನಿಲ್ಲುತ್ತದೆ.

ಕ್ಯಾಂಪಸ್ಸಿನ ಹೊರಗೆ ಟೀ ಅಂಗಡಿಯಲ್ಲಿ ಕೂತೆ. ಬೆಂಚಿನ ಮೇಲೆ ಪ್ಲಾಸ್ಟಿಕ್ ಕವರಿನ ತುಂಬ ಕಾಗದ ಹಿಡಿದ ಹಿರಿಯರೊಬ್ಬರು ಇ-ಖಾತೆಯ ಕಥೆ ಹೇಳುತ್ತಿದ್ದರು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಇಲ್ಲ. ಅಂದಿನಿಂದ ಈ ಭಾಗದ ಟೀ ಅಂಗಡಿಗಳಲ್ಲಿ ಕ್ರಿಕೆಟ್ಟಿಗಿಂತ ಇದೇ ಮಾತು ಹೆಚ್ಚು. ಅವರ ಕವರಿನಲ್ಲಿ ತಂದೆಯ ಕಾಲದ ಕೈಬರಹದ ಪಹಣಿಯೂ ಇತ್ತು. ಲೇಔಟು ಏಳುವ ಮೊದಲು ಈ ನೆಲವೆಲ್ಲ ಸರ್ವೆ ನಂಬರುಗಳೇ. ಕೇಳಿ ಪಡೆದು ನೋಡಿದೆ. ಮಡಿಕೆಯಲ್ಲಿ ಹರಿದಿದೆ, ನೀಲಿ ಶಾಯಿ ಕಂದಿದೆ. 9ನೇ ಕಾಲಂನಲ್ಲಿ ಸ್ವಾಧೀನದಾರ, 11ರಲ್ಲಿ ಋಣ ಮತ್ತು ಇತರೆ ಹಕ್ಕು, 12ರಲ್ಲಿ ಸಾಗುವಳಿ ಮಾಡಿದವರು ಯಾರು, ಏನು ಬೆಳೆದರು. "ಒಂಬತ್ತರಲ್ಲಿ ಹೆಸರಿದ್ರೆ ಸಾಕು ಸಾರ್, ಹನ್ನೆರಡು ಯಾರು ನೋಡ್ತಾರೆ" ಅಂದರು.

ಒಂದು ಕಾಲದಲ್ಲಿ ಇಡೀ ರಾಜ್ಯ ನೋಡುತ್ತಿದ್ದದ್ದು ಹನ್ನೆರಡನ್ನೇ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆಯಲ್ಲಿ ಗೇಣಿದಾರ ಫಾರಂ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತಾಗ, ಉಳುತ್ತಿದ್ದವನು ತಾನೇ ಎನ್ನಲು ಅವನ ಕೈಯಲ್ಲಿದ್ದ ಮುಖ್ಯ ಸಾಕ್ಷಿ ಆ ಸಾಗುವಳಿ ಕಾಲಂ. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಶಾನುಭೋಗರ ಕಾಲದಿಂದ ಆ ಕಾಲಂನಲ್ಲಿ ಒಡೆಯನ ಹೆಸರನ್ನೇ 'ಸ್ವಂತ' ಎಂದು ಬರೆಸಿಕೊಂಡು ಬಂದ ಕಡೆ ಗೇಣಿದಾರ ಊರವರ ಬಾಯಿಮಾತಿನ ಸಾಕ್ಷಿ ಹುಡುಕಿಕೊಂಡು ಅಲೆದ. ಕಾಲಂ ಸರಿಯಿದ್ದವನು ಒಡೆಯನಾದ. ಜಮೀನ್ದಾರಿ, ವರ್ಗ, ಹೆಚ್ಚುವರಿ ಮೌಲ್ಯ ಎಂದೆಲ್ಲ ನಾನು ಕ್ಲಾಸಿನಲ್ಲಿ ವಾರಗಟ್ಟಲೆ ಹೇಳುವುದು ಇಲ್ಲಿ ಎರಡು ಇಂಚು ಅಗಲದ ಒಂದು ಕಾಲಂನಲ್ಲಿ ಮುಗಿದುಹೋಗಿತ್ತು.

ಆ ಕಾಗದಗಳೇ ಆಮೇಲೆ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದವು. ಹೊಸ ಶತಮಾನದ ಮೊದಲ ಒಂದೆರಡು ವರ್ಷದಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆ. ತಾಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ಆಪರೇಟರ್ ಬೆರಳು ಒತ್ತದೆ ಸಾಫ್ಟ್‌ವೇರಿನ ಒಳಗೆ ಹೋಗುವಂತಿರಲಿಲ್ಲ. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಒಂದು ಸಣ್ಣ ನಿಯಮ: ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡಬೇಕು, ಮೊದಲು ಬಂದದ್ದನ್ನು ಬಿಟ್ಟು ನಂತರದ್ದನ್ನು ಎತ್ತಿಕೊಳ್ಳಲು ಸಾಫ್ಟ್‌ವೇರು ಬಿಡುವುದಿಲ್ಲ. ನಾಲ್ಕು ಸಾಲಿನ ಕೋಡು. ಗೌಡರ ಅರ್ಜಿಯೂ ಕೂಲಿಯವನ ಅರ್ಜಿಯೂ ಒಂದೇ ಸಾಲಿನಲ್ಲಿ ನಿಂತದ್ದು ಕರ್ನಾಟಕದ ಕಂದಾಯ ಚರಿತ್ರೆಯಲ್ಲಿ ಸಣ್ಣ ಮಾತಲ್ಲ. ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೇರೆಯೇ ಚಿತ್ರ ಕೊಟ್ಟರು. ಗ್ರಾಮ ಲೆಕ್ಕಿಗನ ಕೈಯಲ್ಲಿದ್ದ ಕಾಗದ ತಾಲೂಕಿನ ಕಂಪ್ಯೂಟರಿಗೆ ಏರಿದ ಮೇಲೆ, ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ನೆಲ ಹುಡುಕುವವರಿಗೆ ಯಾವ ಸರ್ವೆ ನಂಬರು ಯಾರದೆಂದು ಒಂದೇ ಕಡೆ ಸಿಗತೊಡಗಿತು, ಸಣ್ಣವರ ಹಿಡಿತ ಸಡಿಲವಾಯಿತು, ಲಂಚವೂ ಇಳಿಯಲಿಲ್ಲ ಎಂಬುದು ಅವರ ವಾದ. ಎರಡೂ ನಿಜವಿರಬಹುದು ಎಂದೇ ನನ್ನ ಅಭಿಪ್ರಾಯ. ಸಾಲು ನೆಟ್ಟಗಾಯಿತು, ಸಾಲಿನಲ್ಲಿ ನಿಲ್ಲುವ ಮೊದಲೇ ಯಾರಿಗೆ ಏನು ಗೊತ್ತಿರುತ್ತದೆ ಎಂಬುದು ಮಾತ್ರ ನೆಟ್ಟಗಾಗಲಿಲ್ಲ.

ಬಿಸಿಲೇರಿತ್ತು. ಜ್ಞಾನಭಾರತಿಯ ಮರಗಳ ನೆರಳು ಹಿಡಿದು ಮೈಸೂರು ರಸ್ತೆಗೆ ಬಂದೆ. ತಲೆಯ ಮೇಲೆ 2021ರಲ್ಲಿ ಕೆಂಗೇರಿಗೆ ಮುಟ್ಟಿದ ನೇರಳೆ ಮಾರ್ಗದ ಮೆಟ್ರೊ, ಕೆಳಗೆ ರಾಮನಗರ, ಮಂಡ್ಯದ ಬಸ್ಸುಗಳು. ಕೆಂಗೇರಿ ದಿಕ್ಕಿಗೆ ಹೋದರೆ ಎಂಟನೇ ಮೈಲಿ. ಅಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಸಂಸ್ಥೆಯ ಕೊಂಬೆ. ಇದರೊಳಗೆ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಡಿಆರ್‌ಟಿಸಿ ಎಂಬ ದಾಖಲೀಕರಣ ತರಬೇತಿ ಕೇಂದ್ರವೂ ಇದೆ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ರಂಗನಾಥನ್ 1933ರಲ್ಲಿ ತಂದ ಕೋಲನ್ ವರ್ಗೀಕರಣವನ್ನು ಮುಂದೆ ಬೆಳೆಸುತ್ತ, ಒಂದು ಪುಸ್ತಕವನ್ನು ಒಂದೇ ಕಪಾಟಿಗೆ ನೂಕುವ ಬದಲು ವ್ಯಕ್ತಿತ್ವ, ದ್ರವ್ಯ, ಕ್ರಿಯೆ, ಸ್ಥಳ, ಕಾಲ ಎಂದು ಐದು ಮುಖಗಳಿಂದ ಗುರುತಿಸಬಹುದೆಂದು ತೋರಿಸಿದರು. ಐಬಿಎಂನ ಕಾಡ್ 1970ರಲ್ಲಿ ರಿಲೇಷನಲ್ ಡೇಟಾಬೇಸಿನ ಲೆಕ್ಕ ಮಂಡಿಸಿದ್ದು ಬೇರೆ ದಾರಿಯಿಂದ ಬಂದು. ಆದರೆ ಒಂದು ಸಂಗತಿಯನ್ನು ಒಡೆದು ಬೇರೆ ಬೇರೆ ಗುಣಗಳಾಗಿ ಇಟ್ಟರೆ ಬೇಕಾದಂತೆ ಕೂಡಿಸಿ ಕೇಳಬಹುದು ಎಂಬ ಧೈರ್ಯ ಇಬ್ಬರದೂ ಒಂದೇ. ಸಾಫ್ಟ್‌ವೇರ್ ನಗರಿ ಎಂದು ಎದೆ ತಟ್ಟಿಕೊಳ್ಳುವ ಬೆಂಗಳೂರು ತನ್ನ ಕೊನೆಗಾಲವನ್ನು ಇಲ್ಲೇ ಕಳೆದ ರಂಗನಾಥನ್‌ರನ್ನು ಲೈಬ್ರರಿಯವರ ಪಾಲಿಗೆ ಬಿಟ್ಟು ಸುಮ್ಮನಾಗಿದೆ.

ಇದೇ ಕೇಂದ್ರದ ಆರ್ಥಿಕ ವಿಶ್ಲೇಷಣೆ ಘಟಕದಲ್ಲಿ ವಿ.ಕೆ. ರಾಮಚಂದ್ರನ್, ಮಧುರಾ ಸ್ವಾಮಿನಾಥನ್ ಕೆಲಸ ಮಾಡಿದರು. ಅವರು ತೊಡಗಿಸಿಕೊಂಡ ಕೃಷಿ ಸಂಬಂಧಗಳ ಅಧ್ಯಯನ 2009ರಲ್ಲಿ ಕರ್ನಾಟಕದ ಮೂರು ಹಳ್ಳಿಗೆ ಹೋಯಿತು: ಮಂಡ್ಯದ ನಾಲೆ ನೀರಿನ ಅಲಬುಜನಹಳ್ಳಿ, ಕೋಲಾರದ ಬೋರ್‌ವೆಲ್ ಮತ್ತು ರೇಷ್ಮೆಯ ಸಿರೇಸಂದ್ರ, ಕಲಬುರಗಿಯ ತೊಗರಿ ಮತ್ತು ಕಲ್ಲು ಕ್ವಾರಿಯ ಝಾಪುರ. ಮೂರರ ಪ್ರಶ್ನಾವಳಿ ಒಂದೇ. ಆದರೆ ನೀರು ಬಂದ ಕಡೆ ಬೇಸಾಯದ ಕಾಲಂಗಳು ತುಂಬಿ ತುಳುಕುತ್ತವೆ, ಒಣ ನೆಲದಲ್ಲಿ ಕೂಲಿಯ ಕಾಲಂಗಳು. ಇಂಥ ಪ್ರಶ್ನಾವಳಿ ಹಿಡಿದು ಹಳ್ಳಿ ಜಗಲಿಯಲ್ಲಿ ಕೂತವರಿಗೆಲ್ಲ ಗೊತ್ತಿರುವ ಒಂದು ಗಳಿಗೆ ಇದೆ. ಗಂಡಸರ ಕೆಲಸ ಬರೆದು ಮುಗಿದಿರುತ್ತದೆ. "ಮನೆಯಾಕೆ?" ಎಂದು ಕೇಳಿದರೆ, "ಏನೂ ಇಲ್ಲ, ಮನೇಲೇ ಇರ್ತಾಳೆ" ಎನ್ನುವ ಗಂಡನ ಹಿಂದೆಯೇ ಆಕೆ ಹಸುವಿಗೆ ಹುಲ್ಲು ಹೊತ್ತು ಬರುತ್ತಿರುತ್ತಾಳೆ.

ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ಆಕೆಗೆ ಕೋಡ್ ಹಾಕಬೇಕು. ಬರೀ ಮನೆಗೆಲಸವಾದರೆ 92. ಮನೆಗೆಲಸದ ಜೊತೆ ಸೌದೆ, ಮೇವು ತರುವುದೂ ಇದ್ದರೆ 93. ಈ ಎರಡೂ ಕೋಡಿನವರು ದುಡಿಮೆಯ ಲೆಕ್ಕದಿಂದ ಹೊರಗೆ. ಆದರೆ ಹಸುವಿನ ಹಾಲು ಡೇರಿಗೆ ಹೋಗುತ್ತಿದ್ದು, ಅದು ಮನೆಯ ಕಸುಬು, ಆಕೆ ಸಂಬಳವಿಲ್ಲದೆ ಕೈಜೋಡಿಸಿದ್ದಾಳೆ ಎಂದು ಬರೆದುಕೊಂಡರೆ 21; ಆಗ ಆಕೆ ಕೆಲಸಗಾರ್ತಿ. ಹೆಂಗಸು ಅವಳೇ, ಹಸು ಅದೇ, ಹುಲ್ಲಿನ ಹೊರೆಯೂ ಅದೇ. ನಡುವೆ ಇರುವುದು ಇನ್ನೊಂದು ಪ್ರಶ್ನೆ ಕೇಳುವ ತಾಳ್ಮೆ ಮಾತ್ರ. ದೇಶದಲ್ಲಿ ಹದಿನೈದು ದಾಟಿದ ಹೆಂಗಸರಲ್ಲಿ ದುಡಿಯುವ ಇಲ್ಲವೇ ಕೆಲಸ ಹುಡುಕುವವರ ಪಾಲು 2017-18ರಲ್ಲಿ ಶೇ 23.3 ಇದ್ದದ್ದು 2023-24ಕ್ಕೆ ಶೇ 41.7 ಆಯಿತೆಂದು ಅದೇ ಸಮೀಕ್ಷೆ ಹೇಳುತ್ತದೆ. ಹಳ್ಳಿಗಳಲ್ಲಿ ಈ ಏರಿಕೆಯ ದೊಡ್ಡ ಭಾಗ ಸ್ವಂತ ಉದ್ಯೋಗ ಮತ್ತು ಸಂಬಳವಿಲ್ಲದ ನೆರವಿನದು. ಹೆಂಗಸರು ಹೆಚ್ಚು ದುಡಿಯತೊಡಗಿದರೋ, ಕಷ್ಟಕ್ಕೆ ಬಿದ್ದು ಇನ್ನೊಂದು ಹಸು ಕಟ್ಟಿದರೋ, ನಾವು ಕೇಳುವುದನ್ನು ಕಲಿತೆವೋ? ಅರ್ಥಶಾಸ್ತ್ರಜ್ಞರು ಈ ಬಗ್ಗೆ ಇನ್ನೂ ಕಾದಾಡುತ್ತಿದ್ದಾರೆ. ಡೇಟಾಬೇಸ್ ಬರೆಯುವವನಾಗಿ ನನಗೆ ಕಾಣುವುದು ಇದರ ಹಿಂದಿನ ಇನ್ನೂ ಸಣ್ಣ ವಿಷಯ. ಆಕೆಯ ಕೂಲಿಯ ಜಾಗದಲ್ಲಿ ಸೊನ್ನೆ ಹಾಕಬೇಕೋ, ಖಾಲಿ ಬಿಡಬೇಕೋ? ಸೊನ್ನೆ ಅಂದರೆ ಕೇಳಿದೆವು, ಏನೂ ಸಿಗಲಿಲ್ಲ ಎಂದು. ಖಾಲಿ ಅಂದರೆ ಕೇಳಲೇ ಇಲ್ಲ ಎಂದು. ಸರಾಸರಿ ತೆಗೆಯುವಾಗ ಕಂಪ್ಯೂಟರು ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಖಾಲಿಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹೀಗೆ ಬಿಟ್ಟುಹೋದವರ ಸಂಖ್ಯೆಯನ್ನು ವರದಿಯ ಯಾವ ಪುಟವೂ ಹೇಳುವುದಿಲ್ಲ.

ಮೆಟ್ರೊ ಹತ್ತಿ ಅತ್ತಿಗುಪ್ಪೆಯಲ್ಲಿಳಿದು ಚಂದ್ರಾ ಲೇಔಟಿನ ಮೂಲಕ ಬಂದರೆ ಸಂಜೆಯ ಕ್ಲಾಸಿನ ಹೊತ್ತು. ನನ್ನ ಸಂಜೆಯ ಹುಡುಗರು ಹಗಲೆಲ್ಲ ದುಡಿದು ಬಂದವರು. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನವನಿದ್ದಾನೆ, ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಮಾಡುವ ಹುಡುಗಿಯಿದ್ದಾಳೆ, ಊಟ ತಲುಪಿಸುವ ಬೈಕಿನವರು ಇಬ್ಬರು. ಆ ದಿನದ ಪಾಠ ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪನಿಗಳಿಂದ ವಸೂಲಿ ಮಾಡುವುದು ಅದರ ಹೆಸರಾದ ಭಾಗ. ನನಗೆ ಮುಖ್ಯವೆನಿಸುವುದು ಇನ್ನೊಂದು: ಕಂಪನಿಗಳು ತಮ್ಮ ಕಾರ್ಮಿಕರ ಡೇಟಾಬೇಸನ್ನು ಕಾಯ್ದೆಯ ಕಲ್ಯಾಣ ಮಂಡಳಿಗೆ ಕೊಡಬೇಕು, ಪ್ರತಿಯೊಬ್ಬರಿಗೂ ಒಂದು ಗುರುತಿನ ನಂಬರು. ಇವರು ಪಾಲುದಾರರು, ಕೆಲಸಗಾರರಲ್ಲ ಎನ್ನುತ್ತ ಬಂದವರ ಟೇಬಲ್ಲು ಹೊರಗೆ ಬರಬೇಕಾಗಿದೆ.

ಆ ಟೇಬಲ್ ಹೇಗಿರಬಹುದೆಂದು ಬೋರ್ಡಿನ ಮೇಲೆ ಬರೆಯಲು ಹೇಳಿದೆ. ಆರ್ಡರ್ ನಂಬರು, ಹೋಟೆಲು, ಗಿರಾಕಿ, ದೂರ, ಹಣ, ಸ್ಟಾರು. ಬೈಕಿನ ಹುಡುಗರಲ್ಲಿ ಒಬ್ಬ ಎದ್ದು ಬಂದು 'ಹೋಟೆಲ್ ಮುಂದೆ ಕಾದ ಹೊತ್ತು' ಎಂದು ಒಂದು ಕಾಲಂ ಸೇರಿಸಿದ. "ಅದು ಅವ್ರತ್ರ ಇರುತ್ತೆ ಸಾರ್, ಮ್ಯಾಪಲ್ಲಿ ಗೊತ್ತಾಗುತ್ತಲ್ಲ. ದುಡ್ಡಿನ ಲೆಕ್ಕದಲ್ಲಿ ಮಾತ್ರ ಬರಲ್ಲ." ಲೇತ್ ಶೆಡ್ಡಿನವನು ಒಪ್ಪಲಿಲ್ಲ, ಮಷೀನು ಕೆಟ್ಟು ನಿಂತಾಗ ತನಗೂ ಪೀಸ್ ರೇಟ್ ಸಿಗುವುದಿಲ್ಲ, ಕಾಯುವುದು ಎಲ್ಲ ಕೆಲಸದಲ್ಲೂ ಇದ್ದದ್ದೇ ಅಂದ. ಗಾರ್ಮೆಂಟ್ಸಿನ ಹುಡುಗಿ ಅವನಿಗೆ ತಿರುಗಿಬಿದ್ದಳು: ತಮ್ಮಲ್ಲಿ ಬಟ್ಟೆ ಬರುವುದು ತಡವಾದರೂ ಹಾಜರಿ ಹಾಜರಿಯೇ, ಕಾದ ಹೊತ್ತಿಗೂ ಸಂಬಳವಿದೆ. ಹಾಗಾದರೆ ಈ ಹೊತ್ತಿನ ಖರ್ಚು ಯಾರ ತಲೆಗೆ, ಹೋಟೆಲಿನವನದೋ, ಕಂಪನಿಯದೋ, ಮನೆಯಲ್ಲಿ ಕೂತು ಆರ್ಡರ್ ಮಾಡಿದವನದೋ ಎಂದು ಕೇಳಿದೆ. ಮೂರು ಗುಂಪಾದರು. ಕಾಲಂ ಯಾವ ಟೇಬಲ್ಲಿಗೆ ಸೇರುತ್ತದೆ ಎಂಬುದು ಇದು ತೀರ್ಮಾನವಾಗದೆ ತೀರ್ಮಾನವಾಗುವುದಿಲ್ಲ. ಹೋಟೆಲಿನ ಟೇಬಲ್ಲಿಗೆ ಹಾಕಿದರೆ ಒಬ್ಬರು ಕೊಡಬೇಕು, ಆರ್ಡರಿನ ಟೇಬಲ್ಲಿಗೆ ಹಾಕಿದರೆ ಇನ್ನೊಬ್ಬರು. ಗಂಟೆ ಒಂಬತ್ತಾದರೂ ಒಪ್ಪಂದವಾಗಲಿಲ್ಲ. ಬೋರ್ಡ್ ಅಳಿಸದೆ ಫೋಟೊ ತೆಗೆದುಕೊಂಡು, ಮುಂದಿನ ವಾರ ಕಾಯ್ದೆಯ ಪ್ರತಿ ತರಲು ಹೇಳಿ ಬಿಟ್ಟೆ. ಬೈಕಿನವರಿಬ್ಬರು ಆಗಲೇ ಆಪ್ ಆನ್ ಮಾಡಿಕೊಂಡಿದ್ದರು, ರಾತ್ರಿ ಊಟದ ಹೊತ್ತು.